ಭೀಮಶಿಯ ಕಾರ್ಡು, ಓಣಿಯ ಕರೆಂಟು

ಗುಂಡು ಹಾರಿಸಿದರೆ ಸಾಯಬೇಕಾದವನು ವೈರಿ. ಭೀಮಶಿ ಗುಂಡು ಹಾರಿಸಿದರೆ ಸಾಯುತ್ತಿದ್ದುದು ಅವನದೇ ಕಂಪ್ಯೂಟರು.

ಅದಾದರೂ ಪೂರಾ ಸಾಯುತ್ತಿತ್ತೇ? ಇಲ್ಲ. ಪರದೆ ಕಪ್ಪಾಗಿ, ಫ್ಯಾನು ಒಮ್ಮೆ ನಿಟ್ಟುಸಿರು ಬಿಟ್ಟು, ಮತ್ತೆ ತಾನಾಗಿಯೇ ಹೊತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ಪಾಸ್‌ವರ್ಡ್ ಕೇಳುತ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡ್ ಕೂಡಿಸಿದಾಗಿನಿಂದ ಇದೇ ಗೋಳು. ಗೇಮಿನೊಳಗಿನ ಹುಲ್ಲಿನ ಎಸಳೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಎಣಿಸುತ್ತ ಕೂತರೆ ತೊಂದರೆಯಿಲ್ಲ, ಬಂದೂಕು ಎತ್ತಿದರೆ ಮಾತ್ರ ಎಲ್ಲ ಮಾಯ.

ಭೀಮಶಿಗೆ ಮುರಗೋಡದಲ್ಲಿ ಝೆರಾಕ್ಸ್ ಅಂಗಡಿ, ವಯಸ್ಸು ನಲವತ್ತರ ಹತ್ತಿರ. ಆ ವಯಸ್ಸಿಗೆ ಕೆಲವರು ಇಸ್ಪೀಟು ಹಿಡಿಯುತ್ತಾರೆ, ಕೆಲವರು ರಾಜಕೀಯ. ಇವನು ಗೇಮು ಹಿಡಿದಿದ್ದ. ಹೆಂಡತಿ ಮಹಾನಂದಾಳಿಗೆ ಗೇಮಿನ ಮೇಲೆ ಸಿಟ್ಟಿರಲಿಲ್ಲ, ಅದು ಕೂತ ಜಾಗದ ಮೇಲೆ ಕಣ್ಣಿತ್ತು. ಮನೆಯಲ್ಲಿ ಬೆಳಕು ಬೀಳುವುದು ಒಂದೇ ಕಿಟಕಿಯಿಂದ. ಅದರ ಕೆಳಗೆ ಕಂಪ್ಯೂಟರು ಮೆರೆಯುತ್ತಿತ್ತು, ಅವಳ ಹೊಲಿಗೆ ಮಶೀನು ಅಡುಗೆಮನೆಯ ಕತ್ತಲಲ್ಲಿ ಬಿದ್ದಿತ್ತು.

ಆ ಭಾನುವಾರ ಬೆಳಿಗ್ಗೆ ಅವಳು ಫೈಸಲಾ ಮಾಡಿಬಿಟ್ಟಳು. “ನೋಡ್ರಿ, ಮಧ್ಯಾನತನಕಾ ಏನರ ರಿಪೇರಿ ಮಾಡ್ಕೋರಿ. ಸಂಜೀಕ ಆಟಕ್ಕ ಕುಂತಾಗಿಂದ ರಾತ್ರಿ ಊಟಕ್ಕ ಏಳೂತನಕಾ ಅದು ಒಮ್ಮೆರ ಆರಿ ಹತ್ತಿತಂದ್ರ, ಕಿಡಕಿ ನಂದು.”

ಭೀಮಶಿ ಒಪ್ಪಿಕೊಂಡ. ಒಪ್ಪದೆ ಮಾಡುವುದೇನು? ಸಂಜೆ ಆಡಬೇಕಾದದ್ದು ರಾಮದುರ್ಗದ ಅರ್ಜುನನ ಜೊತೆ, ಅಂದರೆ ಮಹಾನಂದಾಳ ಸ್ವಂತ ತಮ್ಮನ ಜೊತೆ. ಅವನೋ ಪ್ರತಿ ಹಬ್ಬದ ಪಂಕ್ತಿಯಲ್ಲಿ ಎದುರು ಕೂತು, “ಮಾಮಾ, ನೀವು ಝೆರಾಕ್ಸ್ ತಗೀರಿ ಸಾಕು, ಗೇಮ್ ನಮಗ ಬಿಡ್ರಿ” ಎಂದು ಹೋಳಿಗೆ ಮುರಿಯುವವನು. ಆ ಮಾತು ಭೀಮಶಿಯ ಗಂಟಲಲ್ಲಿ ಹೋಳಿಗೆಗಿಂತ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು.

ಪಕ್ಕದ ಮನೆಯ ಮುದುಕಿ ಲಗಮವ್ವ ಮೊದಲು ಬಂದಳು.

“ತಮ್ಮಾ, ಹೊಸಾ ಗಾಡಿಗೆ ಲಿಂಬಿಹಣ್ಣ ಇಡತೀರಿ. ಇದಕ್ಯಾಕ ಇಟ್ಟಿಲ್ಲ?”

“ಆಯಿ, ಇದಕ್ಕ ಗಾಲಿ ಇಲ್ಲಲಾ.”

“ಗಾಲಿ ಇಲ್ಲಂದ್ರ ದೃಷ್ಟಿ ಆಗೂದಿಲ್ಲೇನು? ನಿನಗ ಗಾಲಿ ಅದಾವೇನು?”

ಲಗಮವ್ವ ಯಂತ್ರದ ಬುಡಕ್ಕೆ ಲಿಂಬೆಹಣ್ಣು ಇಟ್ಟು, ಸವದತ್ತಿ ಗುಡ್ಡದಿಂದ ತಂದ ಭಂಡಾರವನ್ನು ಒಂದು ಹಿಡಿ ರಿಪೇರಿಗೆಂದು ತೆರೆದಿಟ್ಟ ಕಂಪ್ಯೂಟರಿನೊಳಗೆ ಎರಚಿ “ಉಧೋ” ಅಂದಳು. ಒಳಗಿನ ಫ್ಯಾನು ಅದನ್ನು ಹಾಗೆಯೇ ಭೀಮಶಿಯ ಮುಖಕ್ಕೆ ವಾಪಸು ಕೊಟ್ಟಿತು. ಅರಿಶಿನದ ಮೋರೆಯಲ್ಲೇ ಅವನು ಒಂದು ಗುಂಡು ಹಾರಿಸಿ ನೋಡಿದ. ಪರದೆ ಕಪ್ಪಾಯಿತು.

“ಸಣ್ಣ ದೃಷ್ಟಿ ಅಲ್ಲ ಇದು” ಎಂದು ಲಗಮವ್ವ ಗಾಬರಿಯಾದಳು.

“ದೃಷ್ಟಿ ಅಲ್ಲಬೇ, ವೋಲ್ಟೇಜು” ಎಂದು ಬಾಗಿಲಲ್ಲಿ ದನಿ ಕೇಳಿಸಿತು. ಓಣಿಯ ಹಿಟ್ಟಿನ ಗಿರಣಿಯ ಪರಪ್ಪ, ಹುಬ್ಬಿನವರೆಗೂ ಬಿಳಿ ಹಿಟ್ಟು ಮೆತ್ತಿಕೊಂಡು ನಿಂತಿದ್ದ. “ನನ್ನ ಗಿರಣಿ ಚಾಲೂ ಆತಂದ್ರ ಓಣ್ಯಾಗಿನ ಬಲ್ಬ್ ಎಲ್ಲಾ ತೂಕಡಸ್ತಾವು. ನಿನ್ನ ಯುಪಿಎಸ್ ಬ್ಯಾಟರಿ ಬ್ಯಾರೆ ಸತ್ತೈತಿ. ಪಾಪ, ಇದು ಹೆಂಗ ತಡಕೊಂಡೀತು?”

“ಕಾಕಾ, ಗಿರಣಿ ಬಂದ್ ಇದ್ದಾಗೂ ಹಿಂಗ ಆಗತೈತ್ರಿ.”

“ಹಂಗಾರ ಯಾರದರ ಮಿಕ್ಸರ್ ಇರತೈತಿ. ನೀ ಚಿಂತಿ ಬಿಡು. ರಾಮದುರ್ಗದವರ ಮುಂದ ಮುರಗೋಡದ ಮರ್ಯಾದಿ ಹೋಗಾಕ ನಾ ಬಿಡೂದಿಲ್ಲ. ಸಂಜೀಕ ಇಡೀ ಓಣಿ ಬಂದ್!”

ಬೇಡವೆನ್ನುವಷ್ಟರಲ್ಲಿ ಪರಪ್ಪ ಮನೆಮನೆಗೆ ಡಂಗುರ ಸಾರಲು ಹೊರಟುಬಿಟ್ಟಿದ್ದ.

ಒಬ್ಬನೇ ಉಳಿದ ಭೀಮಶಿ ಮುಖ ತೊಳೆದುಕೊಂಡು ತಲೆ ಓಡಿಸಿದ. ಸುಮ್ಮನಿದ್ದಾಗ ಯಂತ್ರಕ್ಕೆ ಏನೂ ಆಗುವುದಿಲ್ಲ. ಹೊಗೆ, ಬೆಂಕಿ, ಗುಂಡು ಎಲ್ಲ ಕೂಡಿ ಬಂದ ಗಳಿಗೆಯಲ್ಲೇ ಸಾಯುತ್ತದೆ. ಅಂದರೆ ಹೊಸ ಕಾರ್ಡು ಆ ಗಳಿಗೆಯಲ್ಲಿ ಕರೆಂಟನ್ನು ಒಮ್ಮೆಲೇ ಗಬಗಬನೆ ನುಂಗುತ್ತದೆ. ಒಳಗಿರುವ ಹಳೇ ಪವರ್ ಸಪ್ಲೈ ಡಬ್ಬಿಗೆ ಅಷ್ಟು ಬಡಿಸುವ ತ್ರಾಣವಿಲ್ಲ. ದೊಡ್ಡ ಡಬ್ಬಿ ತರಬೇಕೆಂದರೆ ಬೆಳಗಾವಿಗೆ ಹೋಗಬೇಕು, ಇವತ್ತು ಭಾನುವಾರ. ಬಡಿಸುವವನನ್ನು ಬದಲಿಸಲಾಗದಿದ್ದರೆ ಉಣ್ಣುವವನನ್ನೇ ಹದ್ದುಬಸ್ತಿನಲ್ಲಿಡಬೇಕು! ಕಾರ್ಡಿನ ಸೆಟ್ಟಿಂಗಿನಲ್ಲಿ ಹುಡುಕಿ ಹುಡುಕಿ, ಅದು ಎಳೆಯುವ ಕರೆಂಟಿಗೆ ಮಿತಿ ಹಾಕುವ ಗುಂಡಿಯನ್ನು ಅವನು ಕೊನೆಗೂ ಪತ್ತೆ ಮಾಡಿದ. ಅದನ್ನು ಒಂದಿಷ್ಟು ಕೆಳಗಿಳಿಸಿ, ಉಸಿರು ಬಿಗಿಹಿಡಿದು ಗುಂಡು ಹಾರಿಸಿದ. ಪರದೆ ಬೆಳಗುತ್ತಲೇ ಇತ್ತು. ಬಾಂಬು ಎಸೆದ. ಆಗಲೂ ಬೆಳಗುತ್ತಿತ್ತು!

“ಸಿಕ್ತು! ಸಿಕ್ತು!” ಎಂದು ಭೀಮಶಿ ಕುಣಿದ. ಯಾರಿಗೂ ಕೇಳಿಸಲಿಲ್ಲ, ಯಾಕೆಂದರೆ ಹೊರಗೆ ಪರಪ್ಪನ ಗಿರಣಿ ಭರ್ತಿ ಆರ್ಭಟದಲ್ಲಿತ್ತು.

ಸಂಜೆ ಗಿರಣಿ ನಿಂತಿತು. ಫ್ರಿಜ್ಜು, ಫ್ಯಾನು, ಟಿವಿ ಎಲ್ಲ ಆರಿದವು. ಟಿವಿ ಆರಿಸಿದ ಮೇಲೆ ಮನೆಯಲ್ಲಿ ಕೂತು ಮಾಡುವುದೇನೆಂದು ಇಡೀ ಓಣಿ ಭೀಮಶಿಯ ಪಡಸಾಲೆಗೆ ಬಂದು ತುಂಬಿಕೊಂಡಿತು.

ಆಟ ಶುರುವಾಯಿತು. “ಮಾಮಾ, ಲಗೂನ ಸಾಯ್ರಿ, ನಾ ಮಿರ್ಚಿ ತಿನ್ನಾಕ ಹೋಗೂದೈತಿ” ಎಂದು ಸ್ಪೀಕರಿನಲ್ಲಿ ಅರ್ಜುನನ ದನಿ ಬಂತು. ಕಂಪ್ಯೂಟರಿನ ರೋಗದ ಸುದ್ದಿ ಅಕ್ಕನಿಂದ ಅವನಿಗೆ ಆಗಲೇ ಮುಟ್ಟಿತ್ತು. ಹಾಗಾಗಿ ಅಡಗಿಕೊಳ್ಳುವ ಗೋಜಿಗೂ ಹೋಗದೆ, ಬಟಾಬಯಲಿನಲ್ಲಿ ನಿಂತು ಕುಣಿಯತೊಡಗಿದ. “ಹೊಡೀರಿ ಮಾಮಾ, ಹೊಡೀರಿ! ನಿಮ್ಮ ಕಂಪ್ಯೂಟರ್ ಸಾಯ್ತೈತೋ ನಾ ಸಾಯ್ತೇನೋ ನೋಡೂಣು!”

ಭೀಮಶಿ ಹೊಡೆದ.

ಕಂಪ್ಯೂಟರು ಸಾಯಲಿಲ್ಲ. ಕುಣಿಯುತ್ತಿದ್ದವನು ಅಂಗಾತ ಬಿದ್ದ. ಪಡಸಾಲೆ ಸಿಳ್ಳೆ ಹಾಕಿತು. ಎಷ್ಟೋ ಹಬ್ಬಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಅಂದು ಇಳಿಯಿತು. ಭೀಮಶಿಯ ಕಣ್ಣಲ್ಲಿ ನೀರೇ ಬಂತು. ಓಣಿಯ ಮಂದಿ ಗೆದ್ದವನನ್ನು ಹೆಗಲ ಮೇಲೆ ಎತ್ತಿಕೊಂಡರು.

ಎತ್ತಿಕೊಂಡದ್ದು ಪರಪ್ಪನನ್ನು.

“ಗಿರಣಿ ಬಂದ್ ಮಾಡಿದ ಪರಪ್ಪಗ ಜೈ!”

“ನನ್ನ ಫ್ರಿಜ್ಜಿನಾಗಿನ ಹಾಲ ಒಡದಾವು, ನನಗೂ ಅನ್ರೋ” ಎಂದಳು ಲಗಮವ್ವ. ಅವಳಿಗೂ ಒಂದು ಜೈ ಬಿತ್ತು.

ಭೀಮಶಿ ಮೇಜು ಗುದ್ದಿದ. “ಕರೆಂಟಿಂದ ಅಲ್ರಿ! ನಾ ಮಧ್ಯಾನನ ರಿಪೇರಿ ಮಾಡೇನಿ!”

“ನಮ್ಮ ಉಪಕಾರ ಮರೀಬ್ಯಾಡ ತಮ್ಮಾ” ಎಂದ ಪರಪ್ಪ, ಹೆಗಲ ಮೇಲಿಂದಲೇ.

ಮಹಾನಂದಾ ಗಂಡನ ಕಿವಿಯಲ್ಲಿ ಹೇಳಿದಳು: “ಗೆದ್ದೀರಿ, ಸುಮ್ಮ ಕುಂದರ್ರಿ. ಇನ್ನೂ ಊಟಾ ಆಗಿಲ್ಲ.” ಒಳ್ಳೆಯ ಮಾತೇ. ಆದರೆ ಗೆದ್ದವನಿಗೆ ಒಳ್ಳೆಯ ಮಾತು ಎಲ್ಲಿ ಕೇಳಿಸೀತು?

“ಎಲ್ಲಾರೂ ಮನೀಗೆ ಹೋಗ್ರಿ! ಗಿರಣಿ, ಮಿಕ್ಸರ್, ಇದ್ದದ್ದೆಲ್ಲಾ ಹಚ್ಚರಿ! ನಾ ಇಲ್ಲೇ ಆಡಿ ತೋರಸ್ತೇನಿ!”

ಓಣಿಗೂ ಛಲ ಹತ್ತಿತು, ಎಲ್ಲರೂ ತಮ್ಮ ತಮ್ಮ ಮನೆಗೆ ಓಡಿದರು. ಪರಪ್ಪ ಸಿಳ್ಳೆ ಹೊಡೆದದ್ದೇ ತಡ, ಗಿರಣಿ, ಮಿಕ್ಸರು, ಗೀಸರು, ನೀರಿನ ಮೋಟರು ಎಲ್ಲವೂ ಒಂದೇ ಏಟಿಗೆ ಗುಂಯ್ ಎಂದವು. ಭೀಮಶಿ ಗುಂಡಿನ ಮಳೆಗರೆದ. ಕಂಪ್ಯೂಟರು ಬಂಡೆಯಂತೆ ನಿಂತಿತ್ತು. “ನೋಡ್ರಿ, ನೋಡ್ರಿ!” ಎಂದು ಅವನು ಕೂಗುತ್ತಿರುವಾಗಲೇ ಓಣಿಯ ತುದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಢಂ ಎಂದಿತು. ಇಡೀ ಓಣಿ ಕತ್ತಲಾಯಿತು.

“ನಾವು ಹೇಳಲಿಲ್ಲಾ?” ಎಂದು ಕತ್ತಲಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು.

ಲೈನ್‌ಮನ್ ಬಂದು ಫ್ಯೂಜು ಕಟ್ಟಿದ. ಕರೆಂಟು ಬಂತು. ಕಂಪ್ಯೂಟರು ತಾನಾಗಿಯೇ ಹೊತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ಪಾಸ್‌ವರ್ಡ್ ಕೇಳಿತು.

“ಇದು ಲೆಕ್ಕಕ್ಕಿಲ್ಲ! ಲೈನ್ ಹೋಗಿತ್ತಲಾ!” ಎಂದ ಭೀಮಶಿ.

“ಆರಿತೋ ಇಲ್ಲೋ? ಹತ್ತಿತೋ ಇಲ್ಲೋ?” ಎಂದಳು ಮಹಾನಂದಾ. ಅವಳು ಆಗಲೇ ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಟ್ಟಿ, ಹೊಲಿಗೆ ಮಶೀನಿನ ಒಂದು ತುದಿ ಹಿಡಿದು ನಿಂತಿದ್ದಳು. “ಬರ್ರಿ, ಆ ಕಡೆ ನೀವು ಹಿಡೀರಿ. ಗೆದ್ದವರ ಕೈಯಾಗ ಬಲಾ ಇರತೈತಿ.”