ನಾಲ್ಕಡಿ ಬೋರ್ಡು, ಅರ್ಧ ತೀರ್ಪು

ಹೊಟ್ಟೆಕಿಚ್ಚು ನನ್ನ ಸ್ವಭಾವವೇ ಅಲ್ಲ. ಹರೂರಿನ ಮುನ್ಸೀಫ್ ಕೋರ್ಟಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕ ವಕೀಲ ರಂಗಸಾಮಿ ಕೇಸಿನ ಮೇಲೆ ಕೇಸು ಗೆದ್ದಾಗಲೂ ನಾನು ನಗುತ್ತಲೇ ಇದ್ದೆ. ಹಲ್ಲು ಕಡಿಯುತ್ತಿದ್ದುದು ಮನೆಗೆ ಬಂದ ಮೇಲೆ. ಅವನಿಗೆ ತಿಂಗಳು ತಿಂಗಳೂ ಅಂಚೆಯಲ್ಲಿ ತೀರ್ಪುಗಳ ಪತ್ರಿಕೆ ಬರುತ್ತಿತ್ತು. ಹೈಕೋರ್ಟು ಹೊಸದಾಗಿ ಏನು ಹೇಳಿದರೂ ಅವನ ಬಾಯಲ್ಲೇ ಕೇಳಬೇಕು. ಬಾಗಿಲಿಗೆ ಮೂರಡಿ ಬೋರ್ಡು ಬೇರೆ!

ಒಂದು ತಿಂಗಳು ಅವನ ಅಂಚೆ ತಡವಾಯಿತು. ನಾನು ಸೇಲಂಗೆ ಓಡಿದೆ. ಪರಿಚಯದ ಹಿರಿಯ ವಕೀಲರೊಬ್ಬರ ಆಫೀಸಿನಲ್ಲಿ ಹೊಸ ಸಂಚಿಕೆ ಇತ್ತು. ಹೊರಗೆ ಕೊಡುವುದಿಲ್ಲ, ಬೇಕಾದರೆ ಇಲ್ಲೇ ಬರೆದುಕೊ ಎಂದರು. ಅದರಲ್ಲೊಂದು ತೀರ್ಪು: ಬಸ್ಸು ತಪ್ಪಿತು ಎಂಬುದು ವಾಯಿದೆಗೆ ಬಾರದಿರಲು ತಕ್ಕ ಕಾರಣವಲ್ಲ. ಒಂದು ಪುಟ ಬರೆದುಕೊಂಡೆ. ಮುಂದಿನ ಪುಟ ತಿರುವಲಿಲ್ಲ. ತಿರುವಿದ್ದರೆ ನನ್ನ ಬಸ್ಸು ತಪ್ಪುತ್ತಿತ್ತು.

ರಂಗಸಾಮಿಯ ಕಕ್ಷಿದಾರ, ಮೆಟ್ಟೂರಿನ ಗಿರಣಿ ಕೆಲಸಗಾರ, ಬಸ್ಸು ತಪ್ಪಿ ಒಂದು ವಾಯಿದೆಗೆ ಬಾರದ್ದರಿಂದ ಅವನ ಗೈರಿನಲ್ಲೇ ಅವನ ವಿರುದ್ಧ ಡಿಕ್ರಿ ಆಗಿತ್ತು. ಅದನ್ನು ರದ್ದು ಮಾಡಬೇಕೆಂದು ರಂಗಸಾಮಿ ಆ ವಾರ ವಾದಿಸಿದ. ಎದುರು ವಕೀಲ ನಾನು. ಎದ್ದು ನಿಂತು ನನ್ನ ಪುಟ ಓದಿದೆ. ಅರ್ಜಿ ವಜಾ! ಅಂದು ಒಂದು ಮುದ್ದೆ ಹೆಚ್ಚಿಗೆ ತಿಂದೆ.

ಇಂಥ ವಕೀಲನಿಗೆ ತಕ್ಕ ಬೋರ್ಡು ಬೇಡವೆ? ಸೇಲಂನಲ್ಲಿ ನಾಲ್ಕಡಿಯದನ್ನು ಬರೆಸಿದೆ. ಅದನ್ನು ತರಲು ಹೋದ ದಿನವೇ ಮಾವನವರ ದಾವೆಯ ವಾಯಿದೆ. ಅವರ ಕುರಿಗಳು ಕೆರೆಗೆ ಇಳಿಯುವ ದಾರಿಗೆ ಪಕ್ಕದ ಹೊಲದವನು ಬೇಲಿ ಹಾಕಿದ್ದ. ದಾರಿ ಹೋದರೆ ಮಂದೆಯನ್ನೇ ಮಾರಬೇಕು. ನೀವು ಬರುವುದೇ ಬೇಡ, ನಾನೊಬ್ಬ ಸಾಕು ಎಂದು ಮಾವನವರಿಗೆ ಹೇಳಿ ನಸುಕಿಗೇ ಹೊರಟೆ.

ಸೇಲಂ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನನ್ನ ಬೋರ್ಡನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸಾರ್, ಇದು ಬಸ್ಸು. ಲಾರಿ ಅಲ್ಲ," ಎಂದು ವಿಸಿಲ್ ಊದಿದ.

ಮುಂದಿನ ಬಸ್ಸಿನ ಮೇಲೆ ಬೋರ್ಡು ಹೇರಿಕೊಂಡು ಬರುವಷ್ಟರಲ್ಲಿ ಕೋರ್ಟಿನ ಜವಾನ ಮಾವನವರ ಹೆಸರನ್ನು ಮೂರು ಸಲ ಕೂಗಿ ಒಳಗೆ ಹೋಗಿದ್ದ. ದಾವೆ ವಜಾ! ಕಾರಣ? ಬಸ್ಸು ತಪ್ಪಿತು.

ದಾವೆಯನ್ನು ಮತ್ತೆ ತೆರೆಸಲು ಅರ್ಜಿ ಹಾಕಬೇಕು. ಯಾಕೆ ಬರಲಿಲ್ಲವೆಂದು ಪ್ರಮಾಣಪತ್ರ ಕೊಡಬೇಕಾದವನು ನಾನು, ಆದ್ದರಿಂದ ವಾದಿಸಲು ಬೇರೆ ವಕೀಲ ಬೇಕು. ಮಾವನವರು ಬೈಯಲಿಲ್ಲ. ನೇರವಾಗಿ ರಂಗಸಾಮಿಯ ಮನೆಗೆ ನಡೆದರು, ನನ್ನನ್ನೂ ಕರೆದುಕೊಂಡು.

ಬಸ್ಸು ಯಾಕೆ ತಪ್ಪಿತು ಎಂದು ರಂಗಸಾಮಿ ಕೇಳಿದ. ಅವನದಕ್ಕಿಂತ ಒಂದಡಿ ದೊಡ್ಡ ಬೋರ್ಡಿನಿಂದ ಎಂದು ನಾನೇ ಬಾಯಿ ಬಿಟ್ಟು ಹೇಳಬೇಕಾಯಿತು. ಪಾಪಿ ನಗಲಿಲ್ಲ. 'ವೃತ್ತಿಗೆ ಅಗತ್ಯವಾದ ಸಾಮಾನು' ಎಂದು ಬರೆದುಕೊಂಡ. ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಕೋರ್ಟಿನಲ್ಲಿ ಎದುರು ಪಕ್ಷದವರು ನನ್ನದೇ ತೀರ್ಪನ್ನು ನನ್ನ ಮುಖಕ್ಕೇ ಓದಿದರು. ಮುನ್ಸೀಫರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ಆಗ ರಂಗಸಾಮಿ ತಡವಾಗಿ ತಲುಪಿದ ಆ ಸಂಚಿಕೆ ತೆಗೆದು ಮುಂದಿನ ಪುಟ ತಿರುವಿದ. ಆ ಕೇಸಿನ ಆಸಾಮಿ ನಾಲ್ಕು ವಾಯಿದೆಗೂ ಬಸ್ಸಿನ ನೆಪವನ್ನೇ ಹೇಳಿದ್ದನಂತೆ. ಮೊದಲ ಸಲ ಬಸ್ಸು ತಪ್ಪಿದವನಿಗೆ ಈ ಮಾತು ಅನ್ವಯಿಸದು ಎಂದು ಹೈಕೋರ್ಟೇ ಅಲ್ಲಿ ಬರೆದಿತ್ತು! ಮಾವನವರ ದಾವೆಗೆ ಜೀವ ಬಂತು. ಅದೇ ಪುಟ ಹಿಡಿದು ರಂಗಸಾಮಿ ಮೆಟ್ಟೂರಿನವನಿಗೂ ಪುನರ್ವಿಮರ್ಶೆಯ ಅರ್ಜಿ ಹಾಕಿದ.

"ಆವಯ್ಯ ಕೊನೇಗಂಟ ಓದ್ತಾನೆ, ಅಳಿಯಂದಿರೇ," ಎಂದರು ಮಾವ. "ಕೇಸು ಅವನತ್ರಾನೇ ಇರ್ಲಿ."

ಹೆಂಡತಿ ಗೋಡೆಗೊರಗಿಸಿದ್ದ ಬೋರ್ಡನ್ನು ನೋಡಿ, "ಇತ್ತಲ ತೊಟ್ಟಿಗೆ ಮುಚ್ಚಳ ಇಲ್ಲ, ಇದನ್ನ ಆಕ್ಲಾ?" ಎಂದಳು.

ಈಗ ನನ್ನ ಹೆಸರು, ಪದವಿ ಎಲ್ಲ ನೀರಿನ ತೊಟ್ಟಿಯ ಮೇಲೆ ಮಲಗಿವೆ. ಅಳತೆ ಮಾತ್ರ ಕರಾರುವಾಕ್ಕು. ರಂಗಸಾಮಿಯ ಬೋರ್ಡಾಗಿದ್ದರೆ ಒಂದಡಿ ಕಮ್ಮಿ ಬೀಳುತ್ತಿತ್ತು!