ಸಂತ ಪ್ಯಾಟ್ರಿಕ್ಕನ ಇಪ್ಪತ್ತು ಪ್ರಶ್ನೆ

ಕೊಲ್ಲಿ ನಾಡಿನ ಅಲ್ ಅಜೈಬಾ ಬಡಾವಣೆಯಲ್ಲಿ ಕಂಪನಿಯ ಫ್ಯಾಮಿಲಿ ಕ್ವಾರ್ಟರ್ಸ್ ಒಂದು ಖಾಲಿಯಾದದ್ದೇ ಎಲ್ಲ ಅನರ್ಥಕ್ಕೂ ಮೂಲ. ಮನೆ ಒಂದು, ಅರ್ಜಿ ಮೂರು. ಮೂವರದೂ ಒಂದೇ ದರ್ಜೆ, ಒಂದೇ ಹಿರಿತನ. ಮೂವರ ಹೆಂಡಿರೂ ಊರಿನಲ್ಲಿ. ರಸ್ತೆ ನಿರ್ಮಿಸುವ ಆ ಕಂಪನಿಯ ಮ್ಯಾನೇಜರ್ ಎಡ್ವರ್ಡ್ ಐರ್ಲೆಂಡಿನವನು, ಶಿಫಾರಸೆಂದರೆ ಉರಿದುಬೀಳುವವನು. ಅವನು ಬಹಳ ಯೋಚಿಸಿ ನೋಟಿಸ್ ಬೋರ್ಡಿನಲ್ಲಿ ತೀರ್ಮಾನ ಪ್ರಕಟಿಸಿದ. ತನ್ನ ದೇಶದ ಪಾಲಕ ಸಂತ ಪ್ಯಾಟ್ರಿಕ್ಕನ ಹಬ್ಬ ಮಾರ್ಚ್ ಹದಿನೇಳರಂದು; ೧೯೮೮ರ ಆ ದಿನ ಗುರುವಾರ, ಅರ್ಧ ದಿನದ ಕೆಲಸ. ಕೆಲಸ ಮುಗಿದೊಡನೆ ಕ್ಯಾಂಟೀನಿನಲ್ಲಿ ಕ್ವಿಜ್ ನಡೆಯುವುದು. ಸಂತನನ್ನೂ ಅವನ ಹಬ್ಬವನ್ನೂ ಕುರಿತು ಇಪ್ಪತ್ತು ಪ್ರಶ್ನೆ. ಹೆಚ್ಚು ಅಂಕ ಪಡೆದವನಿಗೆ ಮನೆ.

ಮೂವರು ಅರ್ಜಿದಾರರಲ್ಲಿ ಶ್ರೀನಿವಾಸಮೂರ್ತಿಯೇ ಅತ್ಯಂತ ಅವಸರದಲ್ಲಿದ್ದವನು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕಂಪನಿಯ ಪ್ರಯೋಗಾಲಯದಲ್ಲಿ ಮಣ್ಣನ್ನೂ ಕಾಂಕ್ರೀಟನ್ನೂ ಪರೀಕ್ಷಿಸುತ್ತಿದ್ದ ಅವನಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಕಾಂತಾಮಣಿಯ ಜತೆ ಬಾಳಿದ್ದು ಮಾತ್ರ ರಜೆಯ ದಿನಗಳಲ್ಲಿ. ಕ್ವಾರ್ಟರ್ಸ್ ಇಲ್ಲದೆ ಫ್ಯಾಮಿಲಿ ವೀಸಾ ಇಲ್ಲ. ವೀಸಾ ಇಲ್ಲದೆ ಸಂಸಾರ ಇಲ್ಲ. ಸಮೀಕರಣ ಇಷ್ಟು ಸರಳವಾಗಿರುವಾಗ ಓದದೆ ಇರುವುದಾದರೂ ಹೇಗೆ?

ಅವನು ಗ್ರಂಥಾಲಯದಿಂದ ಐರ್ಲೆಂಡಿನ ಸಂತರ ಕುರಿತ ದಪ್ಪನೆಯ ಪುಸ್ತಕವೊಂದನ್ನು ತಂದ. ತೊಂದರೆಯೆಂದರೆ, ಉಳಿದಿಬ್ಬರು ಸ್ಪರ್ಧಿಗಳು ಹಮ್ರಿಯಾ ಬಡಾವಣೆಯ ಅವನದೇ ಬಾಡಿಗೆ ಕೋಣೆಯಲ್ಲಿ ಅವನ ಎಡಬಲದ ಮಂಚಗಳಲ್ಲೇ ಮಲಗುತ್ತಿದ್ದರು. ಒಬ್ಬ ನಕ್ಷೆ ಬರೆಯುವ, ನಕಲು ಯಂತ್ರವನ್ನೂ ನೋಡಿಕೊಳ್ಳುವ ದೇಜಪ್ಪ, ಕಾಪುವಿನವನು. ಇನ್ನೊಬ್ಬ ಲೆಕ್ಕಪತ್ರ ವಿಭಾಗದ ಕೆಂಪಣ್ಣ, ಮಂಡ್ಯದವನು. ಪುಸ್ತಕ ಅವರ ಕಣ್ಣಿಗೆ ಬಿದ್ದರೆ ಮೂವರೂ ಓದಿದಂತೆಯೇ. ಆದ್ದರಿಂದ ಮೂರ್ತಿ ಅದನ್ನು ಪ್ರಯೋಗಾಲಯದ ಮಣ್ಣು ಒಣಗಿಸುವ ಓವನ್ನಿನ ತಳದಲ್ಲಿ, ಟ್ರೇಯ ಹಿಂದೆ ಬಚ್ಚಿಟ್ಟು, ದಿನವೂ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ಓದುತ್ತಿದ್ದ.

ಗುರುವಾರ ನಸುಕಿನಲ್ಲಿ ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ದೇಜಪ್ಪ ಹೊದಿಕೆಯೊಳಗಿಂದಲೇ ಕೇಳಿದ. "ಎಂತ ಮಾರಾಯ, ಈ ಹೊತ್ತಿಗೆ ಯಾರ ಮನೆಗೆ ಕನ್ನ ಹಾಕ್ಲಿಕ್ಕೆ ಹೊರಟದ್ದು?"

"ಕಾಂಕ್ರೀಟ್ ಕ್ಯೂಬ್ ಒಡೆಯೋದಿದೆ."

"ಕ್ವಿಜ್ಜಿಗೆ ಏನಾದ್ರೂ ಓದಿದ್ಯಾ?"

"ನಮಗೆಲ್ಲಿ ಗೊತ್ತಾಗುತ್ತೆ ಅವರ ಸಂತರ ವಿಷಯ? ಸುಮ್ಮನೆ ಕೂತು ಎದ್ದು ಬರೋದು, ಅಷ್ಟೆ."

"ನಂದೂ ಅದೇ ಕತೆ," ಎಂದು ದೇಜಪ್ಪ ಮಗ್ಗುಲು ಬದಲಿಸಿದ.

ಮೂರ್ತಿಗೆ ಇನ್ನೂ ಒಂದು ಅಧ್ಯಾಯ ಉಳಿದಿತ್ತು. ಆದರೆ ಅಂದೇ ಎಡ್ವರ್ಡ್ ಅವನನ್ನು ಮುಖ್ಯ ಆಫೀಸಿನಲ್ಲಿ ಕೂರಿಸಿ ವರದಿ ಬರೆಯಲು ಹಚ್ಚಿದ. ಅಲ್ಲಿಂದ ಪ್ರಯೋಗಾಲಯಕ್ಕೆ ಹೋಗಬೇಕಾದರೆ ಎಡ್ವರ್ಡನ ಗಾಜಿನ ಕೋಣೆಯನ್ನೂ ನಕಲು ಯಂತ್ರದ ಕೋಣೆಯನ್ನೂ ದಾಟಬೇಕು. ಕಾರಣವಿಲ್ಲದೆ ದಾಟುವಂತಿಲ್ಲ. ಮೂರ್ತಿ ಹೊಟ್ಟೆ ಹಿಡಿದುಕೊಂಡು ಎದ್ದ. ಒಮ್ಮೆ ಹೋಗಿ ಎರಡು ಪುಟ ಓದಿ ಬಂದ. ಮತ್ತೊಮ್ಮೆ ಹೋಗಿ ಉಳಿದ ಮೂರು ಪುಟ ಮುಗಿಸಿದ. ಸಂತನ ತಂದೆಯ ಹೆಸರು ಸಿಕ್ಕಿದಾಗ ಅವನಿಗಾದ ಸಂತೋಷ ಆ ತಂದೆಗೆ ಮಗ ಹುಟ್ಟಿದಾಗಲೂ ಆಗಿರಲಾರದು.

ಹಿಂದಿರುಗಿದಾಗ ಟೈಪಿಸ್ಟ್ ಐಡಾಬಾಯಿ ಲೋಟ ಹಿಡಿದು ಕಾದಿದ್ದಳು. ಮಂಗಳೂರಿನ ಆಕೆಗೆ ಯಾರ ಕಾಯಿಲೆಯೂ ವ್ಯರ್ಥವಾಗಬಾರದು.

"ಎಷ್ಟು ಸಲ ಓಡೂದು ಮೂರ್ತಿ? ಓಮದ ನೀರು ಉಂಟು, ಕುಡೀರಿ. ನಾನು ನೋಡ್ತಾ ನಿಲ್ತೇನೆ."

ಕುಡಿದ. ಕೆಂಪಣ್ಣ ಮೆಂತ್ಯ ಕಲಸಿದ ಮಜ್ಜಿಗೆ ತಂದ. "ಕಣ್ ಮುಚ್ಕೊಂಡು ಎತ್ತು ಅತ್ಲಾಗೆ. ನಮ್ ಊರಲ್ಲಿ ಎಮ್ಮೆಗೂ ಇದನ್ನೇ ಕೊಡೋದು." ಅದನ್ನೂ ಕುಡಿದ. ದೇಜಪ್ಪ ಹಾಲಿಲ್ಲದ ಚಹಾಕ್ಕೆ ಎರಡು ನಿಂಬೆ ಹಿಂಡಿ ತಂದಿಟ್ಟ. ಮೂರು ದ್ರವಗಳೂ ಒಳಗೆ ಸೇರಿ ರಾಸಾಯನಿಕ ಕ್ರಿಯೆ ಆರಂಭಿಸಿದವು. ನಟನೆಗೆಂದು ನೇಮಕವಾಗಿದ್ದ ಹೊಟ್ಟೆನೋವಿಗೆ ಅರ್ಧ ಗಂಟೆಯಲ್ಲೇ ಖಾಯಂ ಹುದ್ದೆ ಸಿಕ್ಕಿತು. ಈಗ ಅವನು ನಿಜವಾಗಿಯೂ ಓಡಿದ. ಆದರೆ ಪ್ರಯೋಗಾಲಯದ ಕಡೆಗಲ್ಲ.

ಬೆವರೊರೆಸಿಕೊಂಡು ಬಂದಾಗ ಕೆಂಪಣ್ಣ ಅವನ ಬೆನ್ನು ಸವರಿದ. "ನೀನ್ ಒದ್ದಾಡೋದ ನೋಡಕ್ಕಾಗ್ಲಿಲ್ಲ ಕಣ್ಲಾ. ನಿನ್ ಕೆಲ್ಸ ನಾನೇ ಮಾಡಿವ್ನಿ. ಮಣ್ಣಿನ್ ಸ್ಯಾಂಪಲ್ನೆಲ್ಲ ಓವನ್ನಿಗಿಟ್ಟು ಗುಂಡಿ ತಿರುಗ್ಸಿವ್ನಿ."

ಮೂರ್ತಿ ಥಟ್ಟನೆ ಅವನತ್ತ ತಿರುಗಿದ. "ಎಷ್ಟಕ್ಕೆ ತಿರುಗಿಸಿದೆ?"

"ಬೇಗ ಒಣಗ್ಲಿ ಅಂತ ತುದಿಗಂಟ."

ಮಣ್ಣೊಣಗಲು ನೂರ ಐದು ಡಿಗ್ರಿ ಸಾಕು, ಆ ಯಂತ್ರದ ತುದಿಯೆಂದರೆ ಮುನ್ನೂರು. ಮೂರ್ತಿ ಗುಂಡು ಹಾರಿದಂತೆ ಓಡಿ ಓವನ್ನಿನ ಬಾಗಿಲು ತೆರೆದ. ಹೊಗೆ ಅವನ ಮುಖಕ್ಕೆ ಅಪ್ಪಳಿಸಿತು. ಗಾಳಿ ತಗಲಿದ್ದೇ ತಡ, ಐರ್ಲೆಂಡಿನ ಸಂತರೆಲ್ಲರೂ ಒಟ್ಟಿಗೆ ಧಗ್ಗೆಂದು ಹೊತ್ತಿಕೊಂಡರು. ಇಕ್ಕಳದಿಂದ ಪುಸ್ತಕವನ್ನು ಎತ್ತಿ, ಕಾಂಕ್ರೀಟ್ ನೆನೆಸುವ ತೊಟ್ಟಿಗೆ ಎಸೆದ. ಅದು ಚೊಂಯ್ ಎಂದು ಮುಳುಗಿತು.

"ಏನು ಹೊಗೆ ಅದು?" ಬಾಗಿಲಲ್ಲಿ ಎಡ್ವರ್ಡ್ ನಿಂತಿದ್ದ.

"ಮಣ್ಣಿನಲ್ಲಿ ಬೇರುಗಳಿದ್ದವು ಸರ್. ಅವು ಸುಟ್ಟವು."

"ಮರುಭೂಮಿಯ ಮಣ್ಣಿನಲ್ಲಿ ಬೇರು," ಎಂದು ನಿಧಾನವಾಗಿ ಹೇಳಿ ಎಡ್ವರ್ಡ್ ಹೊರಟುಹೋದ.

ಚಿಂತಿಸುವ ಕಾರಣವಿಲ್ಲವೆಂದು ಮೂರ್ತಿ ತನಗೆ ತಾನೇ ಹೇಳಿಕೊಂಡ. ಕೊನೆಯ ಅಧ್ಯಾಯ ಮುಗಿದಿತ್ತು. ಪುಸ್ತಕ ಈಗ ಅವನ ತಲೆಯಲ್ಲಿತ್ತು, ಮತ್ತೆಲ್ಲೂ ಇರಲಿಲ್ಲ.

ಕ್ಯಾಂಟೀನಿಗೆ ಹಸಿರು ಕಾಗದದ ಮಾಲೆ ಕಟ್ಟಿದ್ದರು. ಎಡ್ವರ್ಡ್ ಹಸಿರು ಟೈ ಧರಿಸಿ, ಕಾಲೇಜು ಹುಡುಗನ ಉತ್ಸಾಹದಿಂದ ಪ್ರಶ್ನೆಪತ್ರಿಕೆ ಹಂಚಿದ. ಉಳಿದ ನೌಕರರೆಲ್ಲ ಗೋಡೆಗೊರಗಿ, ಕುಸ್ತಿ ನೋಡಲು ಬಂದವರಂತೆ ನಿಂತರು. ಸಂತ ಹುಟ್ಟಿದ್ದು ಎಲ್ಲಿ? ಬ್ರಿಟನ್ನಿನಲ್ಲಿ. ಸೆರೆಯಾಳಾಗಿ ಅವನು ಕಾಯುತ್ತಿದ್ದುದೇನು? ಕುರಿ. ಹಸಿರಿಗಿಂತ ಮೊದಲು ಅವನಿಗೆ ಮೀಸಲಾಗಿದ್ದ ಬಣ್ಣ? ನೀಲಿ. ಮೂರ್ತಿಯ ಪೆನ್ನು ಇಳಿಜಾರಿನ ಸೈಕಲ್ಲಿನಂತೆ ಹರಿಯಿತು. ಇಪ್ಪತ್ತನೆಯ ಪ್ರಶ್ನೆ ಸಂತನ ತಂದೆಯ ಹೆಸರು. ಕಲ್ಪೂರ್ನಿಯಸ್ ಎಂದು ಬರೆದು, ಒಂದಕ್ಷರವೂ ತಪ್ಪಿಲ್ಲವೆಂದು ಎರಡು ಸಲ ಪರಿಶೀಲಿಸಿ, ಅಡಿಗೆರೆ ಎಳೆದ. ಅಜೈಬಾದ ಅಡುಗೆಮನೆಯಲ್ಲಿ ಕಾಂತಾಮಣಿ ಒಗ್ಗರಣೆ ಹಾಕುವ ಸದ್ದು ಅವನಿಗೆ ಆಗಲೇ ಕೇಳಿಸತೊಡಗಿತ್ತು.

ಎಡ್ವರ್ಡ್ ಅಲ್ಲೇ ಕುಳಿತು ಮೌಲ್ಯಮಾಪನ ಮಾಡಿದ. ಕೆಂಪಣ್ಣನಿಗೆ ನಾಲ್ಕು ಅಂಕ. ಸಂತ ಉಪವಾಸ ಮಾಡಿದ ಬೆಟ್ಟ ಯಾವುದೆಂದು ಕೇಳಿದ್ದಕ್ಕೆ ಅವನು ಆದಿಚುಂಚನಗಿರಿಯೆಂದು ಬರೆದಿದ್ದ. ದೇಜಪ್ಪನಿಗೆ ಹದಿನೆಂಟು. ಗುಂಪಿನಲ್ಲಿ ಗುಜುಗುಜು ಎದ್ದಿತು. ಮೂರ್ತಿಗೆ ಇಪ್ಪತ್ತು.

ಚಪ್ಪಾಳೆ ಆರಂಭವಾಗುವಷ್ಟರಲ್ಲಿ ಎಡ್ವರ್ಡ್ ಕೈಯೆತ್ತಿದ. ಅವನ ಮುಖ ಟೈಗಿಂತ ಬೇರೆಯದೇ ಬಣ್ಣಕ್ಕೆ ತಿರುಗಿತ್ತು.

"ನನ್ನ ಹೆತ್ತ ತಾಯಿಗೂ ಇದರಲ್ಲಿ ಹದಿನೆಂಟಕ್ಕಿಂತ ಹೆಚ್ಚು ಬರುವುದಿಲ್ಲ. ಮಿಸ್ಟರ್ ಮೂರ್ತಿ, ಇಪ್ಪತ್ತನೆಯ ಉತ್ತರ ನಿಮಗೆ ಹೇಗೆ ಗೊತ್ತು?"

"ಓದಿದೆ ಸರ್."

"ನೀವು ಓದಿದ್ದನ್ನು ನೋಡಿದವರು ಯಾರು?"

ಮೂರ್ತಿ ಎಡಬಲ ನೋಡಿದ. "ಏನೂ ಓದಿಲ್ಲ ಅಂತ ಬೆಳಿಗ್ಗೆ ಹೇಳ್ದ ಸರ್," ಎಂದು ಕೆಂಪಣ್ಣ ಪ್ರಾಮಾಣಿಕವಾಗಿ ನೆನಪಿಸಿಕೊಂಡ. "ನಾನೂ ಕೇಳಿಸ್ಕೊಂಡೆ."

"ಪುಸ್ತಕ ಎಲ್ಲಿದೆ?"

"ಓವನ್ನಿನಲ್ಲಿತ್ತು ಸರ್. ಸುಟ್ಟುಹೋಯಿತು. ಆಮೇಲೆ ನೀರಿನಲ್ಲಿ ಮುಳುಗಿತು."

ಇಡೀ ಕ್ಯಾಂಟೀನು ನಕ್ಕಿತು. ಎಡ್ವರ್ಡ್ ನಗಲಿಲ್ಲ.

"ಬೆಳಿಗ್ಗೆ ಅದು ಬೇರು ಆಗಿತ್ತು," ಎಂದ. "ಪ್ರಶ್ನೆಪತ್ರಿಕೆಯ ನಕಲು ತೆಗೆಯಲು ನಿನ್ನೆಯೇ ದೇಜಪ್ಪನಿಗೆ ಕೊಟ್ಟಿದ್ದೆ. ಉತ್ತರದ ಹಾಳೆಯನ್ನೂ ಮರೆತು ಅದಕ್ಕೇ ಪಿನ್ ಮಾಡಿದ್ದೆ. ಅದು ನನ್ನ ತಪ್ಪು. ಈ ದಿನ ಅದೆಲ್ಲ ನಕಲು ಕೋಣೆಯಲ್ಲೇ ಇತ್ತು. ಆ ಕೋಣೆಯ ಮುಂದೆ ಹೊಟ್ಟೆ ಹಿಡಿದುಕೊಂಡು ಎಷ್ಟು ಸಲ ಓಡಾಡಿದಿರಿ ಎಂಬುದನ್ನು ನನ್ನ ಕೋಣೆಯ ಗಾಜಿನ ಮೂಲಕ ಕಂಡಿದ್ದೇನೆ. ದೇಜಪ್ಪನನ್ನು ನೋಡಿ. ಉತ್ತರಗಳು ರಾತ್ರಿಯೆಲ್ಲ ಅವನ ವಶದಲ್ಲಿದ್ದವು. ಆದರೂ ಎರಡು ತಪ್ಪಿವೆ. ಸಂತನು ದೇಶದಿಂದ ಓಡಿಸಿದ ಪ್ರಾಣಿ ಹಾವೆಂದು ನಮ್ಮಲ್ಲಿ ಹಸುಗೂಸಿಗೂ ಗೊತ್ತು, ಅವನಿಗೆ ಗೊತ್ತಿಲ್ಲ. ಕಣ್ಣೆತ್ತಿಯೂ ನೋಡಿಲ್ಲವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಪ್ರಾಮಾಣಿಕತೆ ಎಂದರೆ ಅದು."

ಅವನು ದೇಜಪ್ಪನ ಕೈ ಕುಲುಕಿ ಮನೆಯ ಬೀಗದಕೈ ಕೊಟ್ಟ. ಆಗ ಕ್ಯಾಂಟೀನಿನ ಚಪ್ಪಾಳೆ ಮಾಲೆಗಳನ್ನೇ ಅಲುಗಾಡಿಸಿತು. ಮೂರ್ತಿಗೆ ಅವನು ತಗ್ಗಿದ ದನಿಯಲ್ಲಿ ಹೇಳಿದ. "ನಿಮಗೆ ವೀಸಾ ಕೊಟ್ಟ ಅರಬ್ ಧಣಿ ಕಫೀಲನ ಕಿವಿಗೆ ಇದನ್ನು ಹಾಕುವುದಿಲ್ಲ. ಆದರೆ ಈ ಮಾತು ತಣ್ಣಗಾಗುವವರೆಗೆ ನೀವು ಮರುಭೂಮಿಯಾಚೆ ದುಕ್ಮ್ ಕಡೆಯ ರಸ್ತೆ ಕ್ಯಾಂಪಿನಲ್ಲಿರುವುದು ಒಳ್ಳೆಯದು. ಅಲ್ಲಿ ಮಣ್ಣು ಬಹಳ ಇದೆ."

ಹಮ್ರಿಯಾಕ್ಕೆ ಹೋಗುವ ಕಂಪನಿ ವ್ಯಾನಿನಲ್ಲಿ ದೇಜಪ್ಪ ಮೂರ್ತಿಯ ಪಕ್ಕದಲ್ಲೇ ಬಂದು ಕುಳಿತ.

"ನೀನು ನೋಡಿದ್ದೆ ತಾನೆ?" ಎಂದು ಮೂರ್ತಿ ಕೇಳಿದ.

"ಪಿನ್ ಮಾಡಿ ಕೈಯಲ್ಲಿ ಕೊಟ್ಟದ್ದನ್ನು ನೋಡದೆ ಇರ್ಲಿಕ್ಕೆ ನಾನೇನು ಸನ್ಯಾಸಿಯಾ? ಇಪ್ಪತ್ತೂ ಬಾಯಿಪಾಠ ಇತ್ತು ಮಾರಾಯ. ನಾಗನನ್ನು ಓಡಿಸಿದ್ದು ಅಂತ ಕೈಯಾರೆ ಬರೀಲಿಕ್ಕೆ ಧೈರ್ಯ ಬರ್ಲಿಲ್ಲ, ಅದನ್ನು ಬಿಟ್ಟೆ. ಇನ್ನೊಂದನ್ನು ಬೇಕಂತಲೇ ತಪ್ಪು ಬರೆದೆ."

"ಬೇಕಂತಲೇ?"

ದೇಜಪ್ಪ ಅವನ ತೊಡೆಯ ಮೇಲೆ ಕೈಯಿಟ್ಟು, ಚಿಕ್ಕವನಿಗೆ ತಿಳಿಹೇಳುವ ದನಿಯಲ್ಲಿ ಹೇಳಿದ. "ಡಿಗ್ರಿ ಮಾಡಿದವ ನೀನು, ಇಷ್ಟು ಸಹ ಗೊತ್ತಿಲ್ವ? ಕಾಪಿ ಹೊಡೆಯುವವನೇ ಹೆದರಿ ಒಂದೆರಡು ತಪ್ಪು ಬರೀತಾನೆ. ಓದಿ ಬರೆದದ್ದು ಅಂತ ಜನ ನಂಬಬೇಕಾದ್ರೆ ಕಡಿಮೆಯೆಂದರೂ ಮೂರು ತಪ್ಪು ಬರೀಬೇಕಪ್ಪ."