ಕೆಂಚಿಯ ಹೊಲಿಗೆಗೆ ಒಂದು ಬುಟ್ಟಿ

ನಮ್ಮ ಮನೆಯಲ್ಲಿ ಏನು ಕೆಟ್ಟರೂ ನಾನೇ ರಿಪೇರಿ ಮಾಡುತ್ತೇನೆ. ರೇಡಿಯೊ, ಕೊಡೆ, ಬಾವಿಯ ರಾಟೆ, ಯಾವುದನ್ನೂ ಹೊರಗೆ ಕೊಟ್ಟವನಲ್ಲ. ಅವು ಆಮೇಲೆ ಕೆಲಸ ಮಾಡಿದವೇ ಎಂಬುದು ಬೇರೆ ವಿಚಾರ. ಹಾಗಾಗಿ ನಮ್ಮ ನಾಯಿ ಕೆಂಚಿಯ ಹೊಟ್ಟೆಗೆ ಹೊಲಿಗೆ ಬಿದ್ದಾಗ, ಅದನ್ನು ಕಾಯುವ ಜವಾಬ್ದಾರಿಯನ್ನು ನಾನೇ ಕೇಳಿ ಪಡೆದೆ.

ಇದು ಎಪ್ಪತ್ತರ ದಶಕದ ಮಾತು. ದಂಡಿನಶಿವರದ ಪಕ್ಕದ ನಮ್ಮೂರಿನ ತೋಟದಲ್ಲಿ, ತೆಂಗಿನ ಮರದಿಂದ ಇಳಿದ ಅಳಿಲನ್ನು ಅಟ್ಟಿಸಿಕೊಂಡು ಹೋದ ಕೆಂಚಿ ಮುಳ್ಳುತಂತಿಯ ಕೆಳಗೆ ನುಸುಳಿತು. ಅಳಿಲು ಪಾರಾಯಿತು. ಕೆಂಚಿಯ ಹೊಟ್ಟೆ ಗೇಣುದ್ದ ಸೀಳಿತು! ಅದನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ದನದ ಆಸ್ಪತ್ರೆಗೆ ಓಡಿದೆ.

ಡಾಕ್ಟರು ಹೊಸಬರು, ಚಿಕ್ಕ ವಯಸ್ಸು. ಮೊದಲು ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು.

"ನಾಯಿಗೂ ಇದೆಲ್ಲ ಬೇಕಾ ಸಾರ್?" ಎಂದೆ.

"ನೋವು ಎಲ್ಲರಿಗೂ ಒಂದೇ ಕಣ್ರೀ. ಅದಕ್ಕೆ ಹೇಳೋಕೆ ಮಾತು ಬರಲ್ಲ, ಅಷ್ಟೇ."

ಏಳು ಹೊಲಿಗೆ. ಕೆಂಚಿ ಕುಂಯ್ ಎನ್ನಲಿಲ್ಲ, ನನ್ನ ಮುಖವನ್ನೇ ನೋಡುತ್ತಿತ್ತು. ನೋವಿನ ಮಾತ್ರೆಯನ್ನು ಕೊಬ್ಬರಿ ಬೆಲ್ಲದ ಉಂಡೆಯಲ್ಲಿ ಅಡಗಿಸಿ ಕೊಡಿ ಎಂದ ಡಾಕ್ಟರು ಕಡೆಗೆ ಬೆರಳೆತ್ತಿ ಎಚ್ಚರಿಸಿದರು. "ಹತ್ತು ದಿನ ಹೊಲಿಗೆಗೆ ಬಾಯಿ ಹಾಕಬಾರದು. ಕಿತ್ಕೊಂಡ್ರೆ ಗಾಯ ಕೀವಾಗುತ್ತೆ, ನಾಯಿ ಉಳಿಯೋದು ಕಷ್ಟ."

ಮಾತ್ರೆಯ ಕೆಲಸ ಹೇಗೋ ನಡೆಯಿತು. ಮೂರು ಸಲ ಕೊಬ್ಬರಿ ನುಂಗಿ ಮಾತ್ರೆ ಉಗುಳಿದ ಕೆಂಚಿ ನಾಲ್ಕನೇ ಉಂಡೆಗೆ ಸೋತಿತು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಒಂದು ಹೊಲಿಗೆ ಕಿತ್ತಿತ್ತು! ಏಳು ವರ್ಷದಿಂದ ನನ್ನ ಮಂಚದ ಕೆಳಗೆ ಮಲಗುವ ಜೀವ ಅದು.

"ರೀ, ನಾನೊಂದು ಹೇಳ್ಲಾ?" ಎಂದಳು ಹೆಂಡತಿ ಗಿರಿಜ.

"ನೀನು ಸುಮ್ನಿರೇ, ನಂಗೆ ಉಪಾಯ ಹೊಳೆದೈತೆ!"

ಹೊಳೆದದ್ದು ಬುಟ್ಟಿ. ಕೆಂಚಿಯ ಕತ್ತಿಗೆ ತಳವಿಲ್ಲದ ಬಿದಿರಿನ ಬುಟ್ಟಿ ತೊಡಿಸಿದರೆ ಬಾಯಿ ಹೊಟ್ಟೆಗೆ ಎಟುಕುವುದಿಲ್ಲ. ಮಚ್ಚು ತಂದು ಒಂದು ಬುಟ್ಟಿಯ ತಳ ಕೊಚ್ಚಿದೆ. ಉಸಿರು ಕಟ್ಟದಿರಲಿ ಎಂದು ತೂತನ್ನು ಧಾರಾಳವಾಗಿ ಮಾಡಿದೆ. ಕತ್ತು ಚುಚ್ಚಬಾರದೆಂದು ಬಿದಿರಿನ ತುದಿಗಳನ್ನೆಲ್ಲ ಜಾಣತನದಿಂದ ಒಳಕ್ಕೆ ಬಗ್ಗಿಸಿದೆ. ಆ ಜಾಣತನವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ!

ಕೆಂಚಿ ಬುಟ್ಟಿ ಕಂಡದ್ದೇ ಮಂಚದ ಕೆಳಗೆ ಸೇರಿತು. ಕರೆದೆ, ಬೇಡಿಕೊಂಡೆ, ಕೊಬ್ಬರಿ ತೋರಿಸಿದೆ. ಬರಲಿಲ್ಲ. ಅದರ ಭಯ ಬಿಡಿಸಲು ಒಂದೇ ದಾರಿ ಎನಿಸಿತು. "ನೋಡವ್ವ, ಏನೂ ಆಗಾಕಿಲ್ಲ" ಎಂದು ಬುಟ್ಟಿಯ ತೂತಿಗೆ ನನ್ನ ತಲೆಯನ್ನೇ ತೂರಿಸಿದೆ. ಸಲೀಸಾಗಿ ಹೋಯಿತು.

ವಾಪಸು ಬರಲಿಲ್ಲ!

ಒಳಗೆ ಹೋಗುವಾಗ ದಾರಿ ಬಿಟ್ಟ ಬಿದಿರಿನ ತುದಿಗಳು ಎಳೆದರೆ ಕಿವಿಯ ಹಿಂದೆ ಚುಚ್ಚಿದವು. ಕೆರೆಯಲ್ಲಿ ಮೀನು ಹಿಡಿಯುವ ಕೂಳಿಯನ್ನೂ ಹೀಗೇ ಹೆಣೆಯುತ್ತಾರೆ ಎಂಬುದು ನನಗೆ ಆಗ ನೆನಪಾಯಿತು.

ಗಿರಿಜ ಎಳೆದಳು. ಪಕ್ಕದ ಮನೆಯ ಬಸಣ್ಣ ಬಂದು ನನ್ನ ಕತ್ತಿಗೆ ಒಂದು ಬಟ್ಟಲು ಕೊಬ್ಬರಿ ಎಣ್ಣೆ ಸುರಿದ. ಬುಟ್ಟಿ ಅಲ್ಲಾಡಲಿಲ್ಲ. ನಾನು ಮಿರಮಿರ ಮಿಂಚತೊಡಗಿದೆ, ಅಷ್ಟೆ.

"ಮಚ್ಚು ಬೀಸ್ಲಾ?" ಎಂದ ಬಸಣ್ಣ.

"ಬ್ಯಾಡ ಕಣಪ್ಪ!"

"ಹಂಗಾದ್ರೆ ದನದ ಆಸ್ಪತ್ರೆಗೇ ನಡಿ. ಅಲ್ಲಿ ಒಳ್ಳೆ ಕತ್ತರಿ ಐತೆ."

ಅಂದು ಸಂತೆ. ಬುಟ್ಟಿಯೊಳಗಿಂದ ಮುಖ ತೋರಿಸುತ್ತ ಊರ ನಡುವೆ ನನ್ನ ಮೆರವಣಿಗೆ ಹೊರಟಿತು. ಬುಟ್ಟಿ ಮಾರುವವಳು ನನ್ನನ್ನು ತಡೆದು ನಿಲ್ಲಿಸಿ, "ಇದ್ಯಾರು ಸ್ವಾಮಿ ನಿಮಗೆ ಮಾರಿದ್ದು? ತಳಾನೇ ಇಲ್ಲ, ಮೋಸ ಮಾಡವ್ರೆ!" ಎಂದು ಮರುಗಿದಳು.

ಡಾಕ್ಟರು ಮೊದಲು ಕೇಳಿದ್ದು, "ಕೆಂಚಿ ಹೇಗಿದೆ?" ಎಂದು. ಆಮೇಲೆ ಬುಟ್ಟಿಯನ್ನು ಸುತ್ತಲೂ ಪರೀಕ್ಷಿಸಿದರು.

"ಈ ತೂತಿನಲ್ಲಿ ನಾಯಿ ಪೂರ್ತಿ ಆಚೆ ಬರ್ತಿತ್ತಲ್ರೀ!"

ಕಾಂಪೌಂಡರು ಕರು ಹಿಡಿಯುವಂತೆ ನನ್ನ ಹೆಗಲು ಅದುಮಿ ಹಿಡಿದರು. ಕತ್ತರಿ ತಾಗುವ ಮೊದಲೇ ಚೀರಿದೆ.

"ಸಾರ್, ಆ ಮರಗಟ್ಟಿಸೋ ಇಂಜೆಕ್ಷನ್ನು..."

"ಅದು ಮಾತು ಬರದವರಿಗೆ ಕಣ್ರೀ. ನೀವು ಆಗ್ಲೇ ಊರಿಗೆಲ್ಲ ಕೇಳೋ ಹಾಗೆ ಹೇಳ್ತಿದೀರಲ್ಲ!"

ಬುಟ್ಟಿ ಬಿತ್ತು. ಕಿವಿಯ ಹಿಂದಿನ ಗೀರುಗಳಿಗೆ ಟಿಂಚರ್ ಹಚ್ಚಿದರು. ಹೊರಗೆ ಕಟ್ಟಿದ್ದ ಎಮ್ಮೆಯೊಂದು ನನ್ನ ಕೂಗಿಗೆ ಹಗ್ಗ ಕಿತ್ತುಕೊಂಡು ಓಡಿತು.

ಆಗ ನೆನಪಾಯಿತು. ಕೆಂಚಿಯನ್ನು ಹಾಗೇ ಬಿಟ್ಟು ಬಂದಿದ್ದೇನೆ! ಇಷ್ಟು ಹೊತ್ತಿಗೆ ಉಳಿದ ಆರು ಹೊಲಿಗೆಯನ್ನೂ ಕಿತ್ತಿರಬೇಕು. ಎಣ್ಣೆ ಸುರಿಸುತ್ತ ಮನೆಗೆ ಓಡಿದೆ. ದಾರಿಯಲ್ಲೇ ಅಳು ಬಂತು. ಸಂತೆಯ ಜನ ನೋಡುತ್ತಿದ್ದರೂ ನಾಚಿಕೆಯಾಗಲಿಲ್ಲ.

ಹಜಾರದಲ್ಲಿ ಕೆಂಚಿ ಹಾಯಾಗಿ ನಿದ್ದೆ ಮಾಡುತ್ತಿತ್ತು. ಮೈಮೇಲೆ ನನ್ನ ಬನಿಯನ್! ಮುಂಗಾಲುಗಳು ತೋಳಿನಲ್ಲಿ, ಹೊಟ್ಟೆ ಪೂರ್ತಿ ಮುಚ್ಚಿದೆ, ಬೆನ್ನ ಮೇಲೆ ಒಂದು ಗಂಟು. ಆರು ಹೊಲಿಗೆಯೂ ಭದ್ರ.

"ಇದು ನಿಂಗೆ ಮೊದಲೇ ಗೊತ್ತಿತ್ತೇನೇ?"

"ಹೇಳಾಕೆ ಬಂದ್ರೆ ಸುಮ್ನಿರು ಅಂದ್ರಲ್ಲ" ಎಂದಳು ಗಿರಿಜ. "ಹೊಸ ಬನಿಯನ್ನೇ ಹಾಕಿದೀನಿ. ಹಳೇದು ನೀವು ಹಾಕ್ಕೊಳಿ."

ಹತ್ತನೆಯ ದಿನ ಹೊಲಿಗೆ ಬಿಚ್ಚಿದರು. ಕೆಂಚಿ ಮತ್ತೆ ಅಳಿಲುಗಳ ಹಿಂದೆ ಬಿತ್ತು, ಬನಿಯನ್ನನ್ನು ಮಾತ್ರ ವಾಪಸು ಕೊಡಲಿಲ್ಲ. ಅಂದಿನಿಂದ ಮನೆಗೆ ಯಾರಾದರೂ ಬುಟ್ಟಿ ಹಿಡಿದು ಬಂದರೆ ಸಾಕು, ಗುರ್ ಎಂದು ಎದ್ದು ನನಗೂ ಬುಟ್ಟಿಗೂ ನಡುವೆ ಅಡ್ಡ ನಿಲ್ಲುತ್ತಿತ್ತು. ನನ್ನನ್ನು ಕಾಯುವ ಜವಾಬ್ದಾರಿಯನ್ನು ಪಾಪ, ಯಾರೂ ಕೇಳದೆಯೇ ಅದು ವಹಿಸಿಕೊಂಡಿತ್ತು!